ವಿಧಾನ ಭಾಗದ ರಚನೆ: ಬಕ್ಷಾಲಿ ಹಸ್ತಪ್ರತಿಯ ನಿದರ್ಶನ

ವೈಜ್ಞಾನಿಕ ಪ್ರಬಂಧದ ‘ವಿಧಾನ’ ಭಾಗವನ್ನು ಔಪಚಾರಿಕವೆಂದು ಎಣಿಸಿ ಕಡೆಯಲ್ಲಿ ಅವಸರದಿಂದ ಬರೆಯುವವರುಂಟು. ಅದರ ಅಗತ್ಯ ಬಕ್ಷಾಲಿ ಗಣಿತ ಹಸ್ತಪ್ರತಿಯ ವಿಚಾರದಲ್ಲಿ ಮನವರಿಕೆಯಾಗುತ್ತದೆ. 1881ರಲ್ಲಿ ಪೇಷಾವರದ ಬಳಿ ದೊರೆತ ಈ ಭೂರ್ಜಪತ್ರಗಳಲ್ಲಿ ಮೂರಕ್ಕೆ ಆಕ್ಸ್‌ಫರ್ಡಿನಲ್ಲಿ ಇಂಗಾಲ-14ರ ಪರೀಕ್ಷೆ ನಡೆದು, 2017ರಲ್ಲಿ ಕ್ರಿ.ಶ. 224–383, 680–779, 885–993 ಎಂಬ ಕಾಲಗಳು ಹೊರಬಂದವು. ಬಂದದ್ದು ವಿದ್ವತ್ಪತ್ರಿಕೆಯ ಪ್ರಬಂಧವಾಗಿ ಅಲ್ಲ, ವಾರ್ತೆಯಾಗಿ. ಏಕರೂಪದ ಬರವಣಿಗೆಯುಳ್ಳ ಕೃತಿಗೆ ಇಷ್ಟು ದೂರದ ಮೂರು ಕಾಲಗಳು ಹೇಗೆ ಸಲ್ಲುತ್ತವೆಂದು ವಿದ್ವಾಂಸರು ಆಕ್ಷೇಪಿಸಿದರು. 2024ರಲ್ಲಿ ಕಾಲವನ್ನು 799–1102 ಎಂದು ಪರಿಷ್ಕರಿಸಲಾಯಿತು.

ಪರೀಕ್ಷೆಗೆ ಕೊಟ್ಟ ತುಣುಕು ಸುಟ್ಟುಹೋಗುತ್ತದೆ. ಆದ್ದರಿಂದ ಅದು ಯಾವ ಪತ್ರದ್ದು, ಯಾವ ಅಂಚಿನಿಂದ ಎಷ್ಟು ಮಿಲಿಗ್ರಾಂ ತೆಗೆದದ್ದು, ಹೇಗೆ ಶುದ್ಧಿಗೊಳಿಸಿದ್ದು, ವೃಕ್ಷವಲಯಗಳನ್ನು ಆಧರಿಸಿದ ಯಾವ ಪರಿಷ್ಕರಣ ರೇಖೆಯನ್ನು ಬಳಸಿದ್ದು ಎಂಬುದೆಲ್ಲ ಭೂತಕಾಲದಲ್ಲಿ, ನಡೆದಂತೆಯೇ, ಬರಬೇಕು. ಫಲಿತಾಂಶ ಅಲ್ಲಿ ನುಸುಳಕೂಡದು.

ನಮ್ಮ ತಾಳೆಯೋಲೆಗಳಲ್ಲಿ ಇನ್ನೊಂದು ತೊಡಕುಂಟು: ರಕ್ಷಣೆಗೆಂದು ಹಚ್ಚಿದ ನಿಂಬೆಹುಲ್ಲಿನ ಎಣ್ಣೆ. ಅದು ಪೂರ್ತಿ ಹೋಗದಿದ್ದರೆ ಓಲೆ ಇರುವುದಕ್ಕಿಂತ ಹೊಸದಾಗಿ ತೋರುತ್ತದೆ. ಪ್ರಯೋಗಾಲಯದವರಿಗೆ ಇದನ್ನು ಭಂಡಾರದವರೇ ತಿಳಿಸಬೇಕು. ಎಣ್ಣೆ ಹಚ್ಚಿದ ವರ್ಷ ದಾಖಲೆಯಲ್ಲಿದ್ದರೆ ಅದನ್ನೂ ವಿಧಾನ ಭಾಗದಲ್ಲಿ ಬರೆಯತಕ್ಕದ್ದು.