ಶ್ರೀರಂಗಪಟ್ಟಣದ ಕೋಟೆಯೂ ಹೊಳೆಯೂ

ಮೈಸೂರಿಗೆ ಹೋದವರು ಸುಮಾರು 15 ಕಿಲೋಮೀಟರು ದೂರದ ಶ್ರೀರಂಗಪಟ್ಟಣವನ್ನು ಗಳಿಗೆಯಲ್ಲಿ ನೋಡಿ ಮುಗಿಸುವುದುಂಟು. ನೀವು ಹಾಗೆ ಮಾಡಬೇಡಿ. ಶ್ರೀರಂಗನಾಥಸ್ವಾಮಿಯ ದರ್ಶನವಾದ ಮೇಲೆ ಪಡುವಣ ಕೋಟೆಗೋಡೆಯ ಬಳಿ ನಿಂತು ಹೊಳೆಯನ್ನು ನೋಡಿ.

1610ರಲ್ಲಿ ರಾಜ ಒಡೆಯರು ಈ ದ್ವೀಪವನ್ನು ರಾಜಧಾನಿ ಮಾಡಿಕೊಂಡರು. ಸುತ್ತ ಹರಿಯುವ ಕಾವೇರಿಯೇ ಅದಕ್ಕೆ ಕಂದಕ. ಆದರೆ ಮಳೆಗಾಲದಲ್ಲಿ ಊರನ್ನು ಕಾಯುತ್ತಿದ್ದ ಹೊಳೆ ಬೇಸಗೆಯಲ್ಲಿ ಬಂಡೆಗಳ ನಡುವೆ ಸೊರಗುತ್ತಿತ್ತು. 1799ರ ಮೇ 4ರ ಮಧ್ಯಾಹ್ನ ಇಂಗ್ಲಿಷರ ಪಡೆ ಆ ತೆಳುನೀರನ್ನೇ ದಾಟಿ, ಫಿರಂಗಿಗಳು ಒಡೆದಿದ್ದ ಗೋಡೆಯನ್ನೇರಿತು. ಟಿಪ್ಪು ಸುಲ್ತಾನನು ಹೋರಾಡುತ್ತ ಅಂದೇ ಮಡಿದನು. ರಾಜಧಾನಿ ಮೈಸೂರಿಗೆ ಸರಿಯಿತು. ಪಟ್ಟಣ ಸಣ್ಣ ಊರಾಯಿತು.

ಮುಂಗಾರು ಬೇಗ ಬಂದಿದ್ದರೆ ಏನಾಗುತ್ತಿತ್ತು? ಮಕ್ಕಳನ್ನು ಜೊತೆಯಲ್ಲಿ ಕರೆದೊಯ್ದು, ದಂಡೆಯ ಮೇಲೆ ನಿಂತು ಅವರನ್ನೇ ಕೇಳಿರಿ.