ಮನೆಯೊಳಗಿನ ಎರವಲು ಪೆಟ್ಟಿಗೆ

ಮದುವೆಯ ಮನೆಗೆ ಬಾಡಿಗೆಯ ಪಾತ್ರೆ ತರಿಸುವ ವಾಡಿಕೆ ಎಲ್ಲರಿಗೂ ತಿಳಿದದ್ದೇ. ಕೊಳದಪ್ಪಲೆ, ತಟ್ಟೆ, ಲೋಟ, ಸೌಟುಗಳನ್ನು ಅಂಗಡಿಯವನು ಎಣಿಸಿ ಕೊಡುತ್ತಾನೆ. ಮದುವೆ ಮುಗಿದ ಮೇಲೆ ಎಣಿಸಿಯೇ ಹಿಂದಕ್ಕೆ ಪಡೆಯುತ್ತಾನೆ. ಒಂದು ಸೌಟು ಕಡಮೆಯಾದರೂ ಅದರ ಬೆಲೆಯನ್ನು ತೆರಬೇಕು. ಪಾತ್ರೆಯ ಮೇಲೆ ಅಂಗಡಿಯ ಹೆಸರೇ ಕೆತ್ತಿರುವುದರಿಂದ ಅದು ಯಾರದೆಂಬ ವಿಷಯದಲ್ಲಿ ಯಾರಿಗೂ ಸಂದೇಹವಿರುವುದಿಲ್ಲ.

ಅಮೆರಿಕದಲ್ಲಿ ಉಪಗ್ರಹ ದೂರದರ್ಶನಕ್ಕೆ ಚಂದಾದಾರರಾದವರ ಮನೆಯಲ್ಲಿ, ಟಿ.ವಿ.ಯ ಪಕ್ಕದಲ್ಲಿ ಕುಳಿತಿರುವ ರಿಸೀವರ್ ಎಂಬ ಪೆಟ್ಟಿಗೆಯೂ ಇದೇ ಜಾತಿಯ ವಸ್ತು. ಆದರೆ ಮದುವೆಯ ಪಾತ್ರೆ ಎರಡು ದಿನವಿದ್ದು ಹೊರಡುತ್ತದೆ. ಈ ಪೆಟ್ಟಿಗೆ ವರ್ಷಗಟ್ಟಲೆ ಇದ್ದು ಮನೆಯ ಸಾಮಾನಿನೊಳಗೊಂದಾಗಿಬಿಡುತ್ತದೆ. ಅದು ಪರರ ಸೊತ್ತೆಂಬುದು ಮನೆಯವರಿಗೆ ನೆನಪಾಗುವುದು ಸೇವೆ ಬೇಡವೆಂದು ಹೇಳಿದ ಮೇಲೆ.

ಕೊಂಡ ವಸ್ತು ಬಾಡಿಗೆಯದಾದ ಬಗೆ

ಮೊದಲು ಹೀಗಿರಲಿಲ್ಲ. 1994ರಲ್ಲಿ ಡೈರೆಕ್‌ಟಿವಿ ಸಂಸ್ಥೆ ಸಣ್ಣ ಡಿಷ್ಷಿನ ಉಪಗ್ರಹ ಸೇವೆಯನ್ನು ಆರಂಭಿಸಿದಾಗ, ಗ್ರಾಹಕರು ಡಿಷ್ಷನ್ನೂ ಪೆಟ್ಟಿಗೆಯನ್ನೂ ಅಂಗಡಿಯಲ್ಲಿ ಸುಮಾರು 700 ಡಾಲರು ತೆತ್ತು ಕೊಂಡುಕೊಳ್ಳುತ್ತಿದ್ದರು. ಸೇವೆಯನ್ನು ಬಿಟ್ಟರೂ ಪೆಟ್ಟಿಗೆ ಅವರದೇ. 1996ರಲ್ಲಿ ಡಿಷ್ ನೆಟ್‌ವರ್ಕ್ ಕಣಕ್ಕಿಳಿಯಿತು. ಪೈಪೋಟಿ ಬೆಳೆದಂತೆ ಕಂಪನಿಗಳು ಉಪಕರಣದ ವೆಚ್ಚದ ಬಹುಭಾಗವನ್ನು ತಾವೇ ಹೊತ್ತು, ತಿಂಗಳ ಚಂದಾದಿಂದ ಅದನ್ನು ತುಂಬಿಕೊಳ್ಳತೊಡಗಿದವು. ಹಾಗೆ ಹೊತ್ತ ಮೇಲೆ ಪೆಟ್ಟಿಗೆಯನ್ನು ಬಿಟ್ಟುಕೊಡಲು ಅವಕ್ಕೆ ಮನಸ್ಸು ಬಾರದಿದ್ದುದು ಸಹಜವೇ. 2006ರ ಮಾರ್ಚ್‌ನಿಂದ ಡೈರೆಕ್‌ಟಿವಿ ಹೊಸ ಪೆಟ್ಟಿಗೆಗಳನ್ನು ಬಾಡಿಗೆಯ ಕರಾರಿನ ಮೇಲೆಯೇ ಕೊಡತೊಡಗಿತು.

ಗೊಂದಲ ಹುಟ್ಟಿದ್ದು ಇಲ್ಲಿಯೇ. ಅಂಗಡಿಯಲ್ಲಿ ಹಣ ಎಣಿಸಿ, ರಶೀತಿ ಪಡೆದು, ಮನೆಗೆ ಹೊತ್ತು ತಂದವರು ಅದನ್ನು ಸ್ವಂತದ್ದೆಂದೇ ತಿಳಿದರು. ಆದರೆ ಅವರು ಕೊಟ್ಟದ್ದು ಬೆಲೆಯಲ್ಲ, ಬಾಡಿಗೆಯ ಮುಂಗಡ ಶುಲ್ಕವೆಂದು ಕರಾರಿನ ಸಣ್ಣ ಅಕ್ಷರಗಳು ಹೇಳುತ್ತಿದ್ದವು. ಸಣ್ಣ ಅಕ್ಷರಗಳನ್ನು ಓದುವ ತಾಳ್ಮೆ ಅಮೆರಿಕದಲ್ಲಿಯೂ ವಿರಳ!

ಹಿಂದಿರುಗಿಸುವ ವಿಧಿ

ಸೇವೆ ರದ್ದಾದೊಡನೆ ಕಂಪನಿ ಸಾಮಾನ್ಯವಾಗಿ ಅಂಚೆ ವೆಚ್ಚ ಮೊದಲೇ ತೆತ್ತ ಚೀಟಿಯನ್ನಾಗಲಿ, ಖಾಲಿ ರಟ್ಟಿನ ಡಬ್ಬಿಯನ್ನಾಗಲಿ ಕಳುಹಿಸುತ್ತದೆ. ಇಲ್ಲವೇ ಇಂತಹ ಪಾರ್ಸೆಲ್ ಕಚೇರಿಗೆ ಒಯ್ದು ಕೊಡಿರೆಂದು ತಿಳಿಸುತ್ತದೆ. ಮೂರು ನಾಲ್ಕು ವಾರಗಳ ಗಡುವು. ಮಾಡಿನ ಮೇಲಿನ ಡಿಷ್ಷನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಆದರೆ ಕೆಲವು ಕರಾರುಗಳಲ್ಲಿ ಡಿಷ್ಷಿನ ಮುಂದೆ ಚಾಚಿಕೊಂಡಿರುವ, ಸಂಕೇತವನ್ನು ಹಿಡಿಯುವ ಪುಟ್ಟ ಭಾಗವೂ ಕಂಪನಿಯ ಸೊತ್ತಿನ ಪಟ್ಟಿಯಲ್ಲಿ ಸೇರಿರುತ್ತದೆ. ಏಣಿ ಹಾಕಿ ಅದನ್ನು ಇಳಿಸುವ ಕಷ್ಟ ಗ್ರಾಹಕನ ಪಾಲಿಗೆ. ಪೆಟ್ಟಿಗೆಯೊಳಗೆ ಮುದ್ರಿಸಿಟ್ಟುಕೊಂಡ ಚಲನಚಿತ್ರಗಳೂ ಕಚೇರಿಗಳೂ ಪೆಟ್ಟಿಗೆಯ ಜೊತೆಗೇ ಹೊರಟುಹೋಗುತ್ತವೆ.

ಗಡುವು ಮೀರಿದರೆ ಪೆಟ್ಟಿಗೆಯ ಬೆಲೆಯೆಂದು ಶುಲ್ಕ ಬೀಳುತ್ತದೆ. ಖಾತೆಯಲ್ಲಿ ಕ್ರೆಡಿಟ್ ಕಾರ್ಡಿನ ವಿವರವಿದ್ದರೆ ನೇರವಾಗಿ ಅದಕ್ಕೇ. ಬಾಕಿ ನಿಂತ ಹಣ ವಸೂಲಿ ಸಂಸ್ಥೆಗಳ ಕೈಸೇರಿದರೆ ಗ್ರಾಹಕನ ಸಾಲಯೋಗ್ಯತೆಯ ದಾಖಲೆಗೆ ಮಸಿ ಹತ್ತಬಹುದು. ಮನೆ ಬಾಡಿಗೆಗೆ ಹಿಡಿಯಲು, ಕಾರಿಗೆ ಸಾಲ ಪಡೆಯಲು ಆ ದಾಖಲೆಯನ್ನೇ ನೋಡುವ ದೇಶ ಅದು. ಉದ್ಯೋಗದ ನಿಮಿತ್ತ ಊರಿಂದೂರಿಗೆ ಹೋಗುವವರೂ, ಎಲ್ಲವನ್ನೂ ಕಟ್ಟಿಕೊಂಡು ಬೆಂಗಳೂರಿಗೆ ಮರಳುವ ಕನ್ನಡ ಕುಟುಂಬಗಳೂ ಗಮನವಿಡಬೇಕಾದದ್ದು ಇಲ್ಲಿ. ಹೊರಡುವ ಗಡಿಬಿಡಿಯಲ್ಲಿ ಗೆಳೆಯರ ಮನೆಯಲ್ಲಿ ಬಿಟ್ಟ ಪೆಟ್ಟಿಗೆ, ಸಮುದ್ರ ದಾಟಿದ ಮೇಲೆಯೂ ಬೆನ್ನು ಹತ್ತಬಲ್ಲದು.

ಕಾನೂನಿನ ನೆರವು

ಗ್ರಾಹಕರ ದೂರು ಸರ್ಕಾರದ ಕಿವಿಗೆ ಬೀಳದೆ ಇರಲಿಲ್ಲ. ಎರಡು ವರ್ಷಗಳ ಕರಾರನ್ನೂ, ನಡುವೆ ಬಿಟ್ಟರೆ 480 ಡಾಲರಿನವರೆಗೆ ತೆರಬೇಕಾದ ಶುಲ್ಕವನ್ನೂ ಜಾಹೀರಾತಿನಲ್ಲಿ ಸ್ಪಷ್ಟಪಡಿಸಿಲ್ಲವೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2015ರಲ್ಲಿ ಡೈರೆಕ್‌ಟಿವಿಯ ಮೇಲೆ ಮೊಕದ್ದಮೆ ಹೂಡಿತು. ಕಂಪನಿ ಆರೋಪವನ್ನು ಒಪ್ಪಲಿಲ್ಲ. 2018ರಲ್ಲಿ ಕಮಿಷನ್ ಮೊಕದ್ದಮೆಯನ್ನು ಕೈಬಿಟ್ಟಿತು.

ಹೆಚ್ಚು ಪ್ರಯೋಜನವಾದದ್ದು 2019ರಲ್ಲಿ ಅಂಗೀಕೃತವಾಗಿ 2020ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ದೂರದರ್ಶನ ವೀಕ್ಷಕರ ರಕ್ಷಣೆಯ ಕಾಯಿದೆ. ಬಾಡಿಗೆ, ತೆರಿಗೆಗಳೆಲ್ಲ ಸೇರಿದ ಒಟ್ಟು ಮಾಸಿಕ ಮೊತ್ತವನ್ನು ಗ್ರಾಹಕನಿಗೆ ಮೊದಲೇ ತಿಳಿಸಬೇಕು. ಅದನ್ನು ಬರಹದಲ್ಲಿ ಕಂಡ ಮೇಲೆ 24 ಗಂಟೆಗಳೊಳಗೆ ಆತ ದಂಡವಿಲ್ಲದೆ ಹಿಂಜರಿಯಬಹುದು. ಪೆಟ್ಟಿಗೆಯನ್ನು ಹಿಂದಿರುಗಿಸಿದ ಮೇಲಿನ ಅವಧಿಗೆ ಬಾಡಿಗೆ ವಿಧಿಸುವಂತಿಲ್ಲವೆಂದೂ ಅದು ಸ್ಪಷ್ಟವಾಗಿ ಹೇಳುತ್ತದೆ. ಆದರೆ ಹಿಂದಿರುಗಿಸಿದೆನೆಂದು ತೋರಿಸಲು ಗ್ರಾಹಕನ ಕೈಯಲ್ಲಿ ಪುರಾವೆ ಬೇಕಲ್ಲವೇ?

ಭಾರತದಲ್ಲಿ ತೊಡಕು ಬೇರೆಯದು. 2000ದಲ್ಲಿ ಸರ್ಕಾರ ಡಿ.ಟಿ.ಎಚ್. ಸೇವೆಗೆ ಅನುಮತಿ ನೀಡಿತು. 2003ರಲ್ಲಿ ಖಾಸಗಿ ಸೇವೆ ಆರಂಭವಾಯಿತು. ಪೆಟ್ಟಿಗೆಗೆ ಹಣ ತೆತ್ತರೂ, ಕಂಪನಿಯನ್ನು ಬದಲಿಸಿದರೆ ಅದು ಕೆಲಸಕ್ಕೆ ಬಾರದೆ ಅಟ್ಟ ಸೇರುವುದೇ ವಾಡಿಕೆಯಾಯಿತು. ಒಂದೇ ಪೆಟ್ಟಿಗೆ ಎಲ್ಲ ಕಂಪನಿಗಳಿಗೂ ಒಗ್ಗುವಂತಿರಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2020ರಲ್ಲಿ ಶಿಫಾರಸು ಮಾಡಿತು. ಅಲ್ಲಿ ಪೆಟ್ಟಿಗೆ ತಮ್ಮದಲ್ಲವೆಂಬ ಚಿಂತೆ. ಇಲ್ಲಿ ತಮ್ಮದಾದರೂ ಉಪಯೋಗವಿಲ್ಲವೆಂಬ ಚಿಂತೆ.

ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆಯುಂಟು. ಪೆಟ್ಟಿಗೆಯನ್ನು ಮರಳಿ ಕೊಡುವವನು ಕೋಡಂಗಿಯಾಗದಿರಬೇಕಾದರೆ ನಾಲ್ಕು ಎಚ್ಚರಿಕೆ ಸಾಕು. ಸೇವೆ ರದ್ದಾದುದಕ್ಕೆ ಬರಹದಲ್ಲಿ ಖಚಿತಪತ್ರ ಪಡೆಯುವುದು. ಪ್ರತಿಯೊಂದು ಪೆಟ್ಟಿಗೆಯ ಕ್ರಮಸಂಖ್ಯೆಯನ್ನು ಬರೆದಿಟ್ಟುಕೊಂಡು ಒಂದು ಛಾಯಾಚಿತ್ರ ತೆಗೆದಿರಿಸುವುದು. ಪಾರ್ಸೆಲ್ ಕಚೇರಿಯ ರಶೀತಿಯನ್ನು ಜೋಪಾನವಾಗಿಡುವುದು. ಕೊನೆಯ ಬಿಲ್ಲು ಬಂದು ಲೆಕ್ಕ ಶೂನ್ಯವಾಗುವವರೆಗೆ ಖಾತೆಯ ಮೇಲೆ ಕಣ್ಣಿಟ್ಟಿರುವುದು. ಮದುವೆಯ ಪಾತ್ರೆಗಳನ್ನು ಎಣಿಸಿ ಒಪ್ಪಿಸುವ ಮನೆಯ ಹಿರಿಯರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.