ಯಂತ್ರದ ಉಸಿರು

ಬೇಸಗೆಯಲ್ಲಿ ಹೊಲ ಉಳುವ ಟ್ರ್ಯಾಕ್ಟರನ್ನು ನೋಡದವರು ವಿರಳ. ಅದರ ಹಿಂದೆ ಧೂಳಿನ ಮೋಡವೇ ಏಳುತ್ತದೆ. ಚಾಲಕನು ಮೂಗಿಗೆ ವಸ್ತ್ರ ಕಟ್ಟಿಕೊಂಡು ಕುಳಿತಿರುತ್ತಾನೆ. ಅದೇ ಧೂಳಿನ ನಡುವೆ ಅವನಿಗಿಂತ ಹತ್ತಾರು ಪಾಲು ಹೆಚ್ಚು ಗಾಳಿಯನ್ನು ಸೇವಿಸುತ್ತಿರುವ ಮತ್ತೊಂದು ವಸ್ತು ಅಲ್ಲಿದೆ. ಅದೇ ಟ್ರ್ಯಾಕ್ಟರಿನ ಎಂಜಿನು. ಅದರ ಮೂಗಿಗೂ ಒಂದು ವಸ್ತ್ರ ಬೇಡವೆ?

ಎಂಜಿನು ಇಂಧನವನ್ನು ಮಾತ್ರ ಕುಡಿದು ಓಡುತ್ತದೆಂದು ಹಲವರು ಭಾವಿಸುತ್ತಾರೆ. ಗಾಳಿಯಲ್ಲಿರುವ ಆಮ್ಲಜನಕವಿಲ್ಲದೆ ಇಂಧನ ಉರಿಯಲಾರದು. ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಈ ಲೆಕ್ಕದಂತೆ ಒಂದು ಲೀಟರು ಪೆಟ್ರೋಲಿಗೆ ಸುಮಾರು 9,000 ಲೀಟರು ಗಾಳಿ ಬೇಕಾಗುತ್ತದೆ; ಎಂದರೆ 200 ಲೀಟರು ಹಿಡಿಸುವ 45 ಪೀಪಾಯಿಗಳಷ್ಟು ಗಾಳಿ! ಇಷ್ಟು ಗಾಳಿಯೊಡನೆ ಒಳಸೇರುವ ಧೂಳು ಅಲ್ಪವೆಂದು ಅಲಕ್ಷಿಸುವಂತಿಲ್ಲ.

ರಸ್ತೆಯ ಮತ್ತು ಹೊಲದ ಧೂಳಿನಲ್ಲಿ ಬೆಣಚುಕಲ್ಲಿನ ಸೂಕ್ಷ್ಮ ಕಣಗಳು ಹೇರಳವಾಗಿವೆ. ಖನಿಜಗಳ ಕಾಠಿಣ್ಯವನ್ನು ಅಳೆಯುವ ಮೋಸ್ ಮಾಪನದಲ್ಲಿ ಬೆಣಚುಕಲ್ಲಿನ ಸ್ಥಾನ 7. ಎಂಜಿನಿನ ಸಿಲಿಂಡರುಗಳನ್ನು ಮಾಡುವ ಎರಕದ ಕಬ್ಬಿಣ ಇದಕ್ಕಿಂತ ಮೃದು. ಸಿಲಿಂಡರಿನ ಗೋಡೆಗೂ ಪಿಸ್ಟನ್ನಿನ ಬಳೆಗಳಿಗೂ ನಡುವೆ ಇರುವ ಎಣ್ಣೆಯ ಪದರದ ದಪ್ಪ ಕೆಲವೇ ಮೈಕ್ರಾನುಗಳು. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನು ಎಂಬುದನ್ನು ನೆನೆದರೆ ಈ ಪದರ ಎಷ್ಟು ತೆಳುವೆಂಬುದು ತಿಳಿದೀತು. ಈ ಪದರಕ್ಕಿಂತ ತುಸು ದೊಡ್ಡದಾದ ಕಣ ಅಲ್ಲಿಗೆ ನುಸುಳಿದರೆ ಅರದಂತೆ ಲೋಹವನ್ನು ಉಜ್ಜತೊಡಗುತ್ತದೆ. ಗೋಡೆ ಸವೆದಂತೆಲ್ಲ ಎಂಜಿನಿನ ಬಲ ಕುಗ್ಗುತ್ತದೆ, ಎಣ್ಣೆ ಉರಿದು ಹೊಗೆ ಕಾರುತ್ತದೆ. ಹಲವು ವರ್ಷ ಬಾಳಬೇಕಾದ ಯಂತ್ರ ಅಲ್ಪಕಾಲದಲ್ಲಿಯೇ ಮುಪ್ಪಡರಿದಂತಾಗುತ್ತದೆ.

ಈ ಕೇಡನ್ನು ತಡೆಯುವ ಸಾಧನವೇ ವಾಯುಶೋಧಕ. ವಾಹನ ರಿಪೇರಿಯವರ ಮಾತಿನಲ್ಲಿ ಇದು ಏರ್ ಫಿಲ್ಟರು. ಹಳೆಯ ಟ್ರ್ಯಾಕ್ಟರುಗಳಲ್ಲಿ ಮತ್ತು ಜೀಪುಗಳಲ್ಲಿ ಎಣ್ಣೆಯ ಬಟ್ಟಲಿನ ಶೋಧಕವಿರುತ್ತಿತ್ತು. ಒಳಬಂದ ಗಾಳಿ ಎಣ್ಣೆಯ ಮೇಲೆ ತಟ್ಟನೆ ತಿರುಗಿ ಮೇಲೇರುವಾಗ, ಭಾರವಾದ ಕಣಗಳು ತಿರುಗಲಾರದೆ ಎಣ್ಣೆಗೆ ಬೀಳುತ್ತಿದ್ದವು. ಇಂದು ಬಹುತೇಕ ವಾಹನಗಳಲ್ಲಿ ಇರುವುದು ಮಡಿಕೆ ಮಡಿಕೆಯಾಗಿ ಜೋಡಿಸಿದ ವಿಶೇಷ ಕಾಗದದ ಶೋಧಕ. ಇದು ಅಡುಗೆಮನೆಯ ಜರಡಿಯಂತೆ ಕೇವಲ ರಂಧ್ರಗಳಿಂದ ಸೋಸುತ್ತದೆಂದು ತಿಳಿಯಬಾರದು. ಕಾಗದದ ನಾರುಗಳ ನಡುವೆ ಗಾಳಿ ಅಂಕುಡೊಂಕಾಗಿ ಹರಿಯುತ್ತದೆ. ದಪ್ಪ ಕಣಗಳು ಆ ತಿರುವುಗಳಲ್ಲಿ ನೆಟ್ಟಗೆ ಸಾಗಿ ನಾರಿಗೆ ಬಡಿದು ನಿಲ್ಲುತ್ತವೆ. ಅತಿ ಸೂಕ್ಷ್ಮ ಕಣಗಳು ಗಾಳಿಯ ಅಣುಗಳ ತಾಡನಕ್ಕೆ ಸಿಕ್ಕಿ ಅತ್ತಿತ್ತ ಅಲೆಯುತ್ತ ನಾರಿಗೆ ತಗುಲಿ ಅಂಟಿಕೊಳ್ಳುತ್ತವೆ. ಎಣ್ಣೆ ಸವರಿದ ಹತ್ತಿಬಟ್ಟೆಯ ಶೋಧಕ, ಸ್ಪಂಜಿನಂಥ ವಸ್ತುವಿನ ಶೋಧಕ ಮೊದಲಾದವೂ ಬಳಕೆಯಲ್ಲಿವೆ.

ಹಾಗಾದರೆ ಅತಿ ನವುರಾದ ಶೋಧಕವನ್ನು ತಂದು ಕೂರಿಸಿದರೆ ಸಾಲದೆ? ತೊಡಕು ಇರುವುದು ಇಲ್ಲಿಯೇ. ಶೋಧಕ ಧೂಳನ್ನು ತಡೆಯುವಂತೆ ಗಾಳಿಯನ್ನೂ ಅಷ್ಟಿಷ್ಟು ತಡೆಯುತ್ತದೆ. ಉಸಿರು ಕಟ್ಟಿದ ಎಂಜಿನು ಬಲಹೀನವಾಗುತ್ತದೆ. ಈ ಇಕ್ಕಟ್ಟಿಗೆ ಎರಡನೆಯ ಮಹಾಯುದ್ಧದ ಒಂದು ಪ್ರಸಂಗ ಉತ್ತಮ ನಿದರ್ಶನ. 1942ರಲ್ಲಿ ಬ್ರಿಟನ್ನಿನ ಸ್ಪಿಟ್‌ಫೈರ್ ಯುದ್ಧವಿಮಾನಗಳು ಮಾಲ್ಟಾ ದ್ವೀಪದಲ್ಲಿಯೂ ಉತ್ತರ ಆಫ್ರಿಕದ ಮರುಭೂಮಿಯಲ್ಲಿಯೂ ಕಾದಾಡಬೇಕಾಯಿತು. ಅಲ್ಲಿನ ಮರಳುಧೂಳಿನಿಂದ ಎಂಜಿನನ್ನು ಕಾಯಲು ವಿಮಾನದ ಮೂತಿಯ ಕೆಳಗೆ ವೋಕ್ಸ್ ಎಂಬ ದೊಡ್ಡ ಶೋಧಕವನ್ನು ಅಳವಡಿಸಿದರು. ಎಂಜಿನು ಉಳಿಯಿತು, ಆದರೆ ಆ ಉಬ್ಬಿದ ಗೂಡಿನ ದೆಸೆಯಿಂದ ವಿಮಾನದ ವೇಗವೂ ಮೇಲೇರುವ ಶಕ್ತಿಯೂ ತಗ್ಗಿದವು. ಶತ್ರುವಿಮಾನ ಬೆನ್ನಟ್ಟಿದಾಗ ವೇಗದ ಕೊರತೆ ವೈಮಾನಿಕನ ಪ್ರಾಣಕ್ಕೇ ಎರವಾಗಬಹುದಿತ್ತು. ಶೋಧಕವನ್ನು ತೆಗೆದರೆ ಎಂಜಿನಿಗೆ ಕೇಡು, ಇರಿಸಿದರೆ ವೈಮಾನಿಕನಿಗೆ ಅಪಾಯ.

ಈಜಿಪ್ಟಿನ ಅಬುಕಿರ್ ಎಂಬಲ್ಲಿದ್ದ ವಾಯುಪಡೆಯ ಕಾರ್ಯಾಗಾರದ ತಂತ್ರಜ್ಞರು ಚಿಕ್ಕದಾದ, ನಯವಾದ ಆಕಾರದ ಶೋಧಕವೊಂದನ್ನು ರೂಪಿಸಿದರು. ಅದು ಆ ಊರಿನ ಹೆಸರಿನಿಂದಲೇ ಪ್ರಸಿದ್ಧವಾಯಿತು. ಮುಂದೆ ಬಂದ ಸ್ಪಿಟ್‌ಫೈರುಗಳಲ್ಲಿ ಇನ್ನೂ ಜಾಣತನದ ಏರ್ಪಾಡು ಬಂದಿತು. ಧೂಳು ನೆಲದ ಬಳಿಯಲ್ಲಿ ದಟ್ಟವಾಗಿರುತ್ತದೆ; ಎತ್ತರದಲ್ಲಿ ಗಾಳಿ ಶುಭ್ರ. ಆದುದರಿಂದ ಮೇಲೇಳುವಾಗ ಮತ್ತು ಇಳಿಯುವಾಗ ಗಾಳಿ ಶೋಧಕದ ಮೂಲಕ ಬರುವಂತೆಯೂ, ಎತ್ತರದಲ್ಲಿ ನೇರವಾಗಿ ಬರುವಂತೆಯೂ ವೈಮಾನಿಕನು ಸನ್ನೆಯೊಂದನ್ನು ಸರಿಸಿ ಬದಲಾಯಿಸಬಹುದಾಗಿತ್ತು.

ಈ ಪ್ರಸಂಗದಿಂದ ದೊರೆಯುವ ಪಾಠ ಮುಖ್ಯವಾದುದು. ಶೋಧಕ ಯಾವುದೆಂಬುದರ ಜೊತೆಗೆ, ಗಾಳಿಯನ್ನು ಎಲ್ಲಿಂದ ಸೆಳೆಯಬೇಕೆಂಬುದನ್ನೂ ಯೋಚಿಸಬೇಕು. ಹಲವು ವಾಹನಗಳಲ್ಲಿ ಎಂಜಿನಿನ ಗಾಳಿಬಾಯಿಯನ್ನು ಮೂಲಸ್ಥಾನದಿಂದ ಬೇರೆಡೆಗೆ ಸಾಗಿಸುವುದುಂಟು. ಇದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು ತಾಪ. ಎಂಜಿನಿನ ಬದಿಯ ಗಾಳಿ ಕಾದಿರುತ್ತದೆ. ಕಾದ ಗಾಳಿ ವಿರಳವಾಗುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನ ಗಾಳಿ 60 ಡಿಗ್ರಿಗೆ ಕಾದರೆ, ಅಷ್ಟೇ ಗಾತ್ರದಲ್ಲಿರುವ ಆಮ್ಲಜನಕ ನೂರಕ್ಕೆ ಸುಮಾರು ಒಂಬತ್ತು ಪಾಲು ಕಡಿಮೆಯಾಗುತ್ತದೆ. ಎರಡನೆಯದು ಧೂಳು. ಟ್ರ್ಯಾಕ್ಟರಿನ ಮೂತಿಯ ಮೇಲೆ ಕಾಣುವ ಅಣಬೆಯಾಕಾರದ ಟೋಪಿ, ಆಸ್ಟ್ರೇಲಿಯದ ಒಳನಾಡಿನಲ್ಲಿ ಸಂಚರಿಸುವ ಜೀಪುಗಳಿಗೆ ಮಾಡಿನ ಮಟ್ಟಕ್ಕೆ ಏರಿಸಿದ ಸ್ನಾರ್ಕೆಲ್ ಎಂಬ ಕೊಳವೆ, ಇವೆರಡೂ ನೆಲದ ಧೂಳಿನಿಂದ ಬಾಯಿಯನ್ನು ಮೇಲಕ್ಕೊಯ್ಯುವ ಉಪಾಯಗಳು. ಮೂರನೆಯದು ನೀರು. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಹಳ್ಳ ದಾಟುವಾಗ ಸಿಲಿಂಡರಿನೊಳಗೆ ನೀರು ಹೊಕ್ಕರೆ, ಮೇಲೇರುವ ಪಿಸ್ಟನ್ನು ಅದಕ್ಕೆ ಬಡಿದು ಅದರ ತೋಳೇ ಬಾಗಿಹೋಗಬಹುದು. ತಂಪುಗಾಳಿಯ ಆಸೆಯಿಂದ ಬಾಯಿಯನ್ನು ಮುಂಬದಿಯಲ್ಲಿ ತೀರ ಕೆಳಗಿರಿಸಿದವರು ಈ ಅಪಾಯವನ್ನು ಮರೆಯಬಾರದು.

ಬಾಯಿಯನ್ನು ಸ್ಥಳಾಂತರಿಸಿದ ಮೇಲೆ ಶೋಧಕವನ್ನು ಆರಿಸುವುದು ಹೇಗೆ? ಮೊದಲು ಎಂಜಿನಿನ ಹಸಿವನ್ನು ಅರಿಯಬೇಕು. ನಾಲ್ಕು ಹೊಡೆತಗಳ ಎಂಜಿನು ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿಯನ್ನು ಸೆಳೆಯಬಲ್ಲುದು. ಎರಡು ಲೀಟರು ಗಾತ್ರದ ಎಂಜಿನು ನಿಮಿಷಕ್ಕೆ 3,000 ಸುತ್ತು ತಿರುಗಿದರೆ ನಿಮಿಷಕ್ಕೆ 3,000 ಲೀಟರಿನವರೆಗೆ ಗಾಳಿ ಬೇಕು. ಇದಕ್ಕೆ ತಕ್ಕ ವಿಸ್ತಾರ ಶೋಧಕಕ್ಕಿರಬೇಕು. ಮಡಿಕೆಗಳ ಮಹತ್ವ ಇಲ್ಲಿ ತಿಳಿಯುತ್ತದೆ. 30 ಸೆಂಟಿಮೀಟರು ಉದ್ದ, 20 ಸೆಂಟಿಮೀಟರು ಅಗಲದ ಚೌಕಟ್ಟಿನ ವಿಸ್ತೀರ್ಣ 600 ಚದರ ಸೆಂಟಿಮೀಟರು. ಅದರಲ್ಲಿ 4 ಸೆಂಟಿಮೀಟರು ಆಳದ 60 ಮಡಿಕೆಗಳನ್ನು ಅಡಕಿದರೆ ಕಾಗದದ ವಿಸ್ತೀರ್ಣ 9,600 ಚದರ ಸೆಂಟಿಮೀಟರು, ಎಂದರೆ ಹದಿನಾರು ಪಟ್ಟು ಆಗುತ್ತದೆ. ವಿಸ್ತಾರ ಹೆಚ್ಚಿದಂತೆ ಗಾಳಿ ನಿಧಾನವಾಗಿ, ಸರಾಗವಾಗಿ ಹಾಯುತ್ತದೆ. ಶೋಧಕವೂ ಬೇಗನೆ ಕಟ್ಟಿಕೊಳ್ಳುವುದಿಲ್ಲ.

ಎರಡನೆಯದಾಗಿ, ವಾಹನ ಓಡಾಡುವ ಪ್ರದೇಶವನ್ನು ಗಮನಿಸಬೇಕು. ಧೂಳು ಹೆಚ್ಚಿರುವಲ್ಲಿ ಒಣ ಕಾಗದದ ಶೋಧಕವೂ, ಅದರ ಮುಂದೆ ಗಾಳಿಯನ್ನು ಸುಳಿಯಂತೆ ತಿರುಗಿಸಿ ದಪ್ಪ ಧೂಳನ್ನು ಹೊರಚೆಲ್ಲುವ ಪೂರ್ವಶೋಧಕವೂ ಹಿತಕರ. ಎಣ್ಣೆ ಸವರಿದ ಬಟ್ಟೆಯ ಶೋಧಕವನ್ನು ತೊಳೆದು ಮತ್ತೆ ಬಳಸಬಹುದು. ಆದರೆ ಎಣ್ಣೆ ಅತಿಯಾದರೆ ಗಾಳಿಯನ್ನು ಅಳೆಯುವ ಸೂಕ್ಷ್ಮ ಉಪಕರಣದ ಮೇಲೆ ಅದು ಕೂರಬಹುದು. ಬಿಸಿಗಾಳಿಯೂ ನೀರೂ ಎರಚದಂತೆ ಶೋಧಕವನ್ನು ಮುಚ್ಚಿದ ಪೆಟ್ಟಿಗೆಯಲ್ಲಿರಿಸಿ, ಒಳಬಂದ ತೇವ ಇಳಿದುಹೋಗಲು ಕಿರುದ್ವಾರವಿಡುವುದು ಲೇಸು.

ಮೂರನೆಯದಾಗಿ, ಸಂದುಗಳನ್ನು ಪರೀಕ್ಷಿಸಬೇಕು. ಶೋಧಕದಿಂದ ಎಂಜಿನಿನವರೆಗಿನ ಕೊಳವೆಯಲ್ಲಿ ಒಂದು ಸಣ್ಣ ಬಿರುಕಿದ್ದರೂ, ಅದರ ಮೂಲಕ ಸೋಸದ ಗಾಳಿ ಒಳನುಗ್ಗುತ್ತದೆ. ಬಾಗಿಲಿಗೆ ಬೀಗ ಹಾಕಿ ಗೋಡೆಯಲ್ಲಿ ಕನ್ನ ಬಿಟ್ಟಂತೆ! ಆದುದರಿಂದ ಉದ್ದವಾದ ಕೊಳವೆ ಶೋಧಕದ ಹೊರಬದಿಯಲ್ಲಿರಲಿ, ಶುದ್ಧಗಾಳಿಯ ದಾರಿ ಕಿರಿದಾಗಿರಲಿ ಎಂಬುದು ಒಳ್ಳೆಯ ನಿಯಮ. ನೀರು ದಾಟುವ ವಾಹನದಲ್ಲಿ ಹೊರಬದಿಯ ಸಂದುಗಳೂ ಬಿಗಿಯಾಗಿರಬೇಕು.

ಆಯ್ಕೆಯೊಡನೆ ಕೆಲಸ ಮುಗಿಯಲಿಲ್ಲ. 1980ರ ಮೇ 18ರಂದು ಅಮೆರಿಕದ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಸಿಡಿದಾಗ ಬೂದಿ ಊರೂರುಗಳ ಮೇಲೆ ಸುರಿಯಿತು. ವಾಹನಗಳ ಶೋಧಕಗಳು ಬೂದಿಯಿಂದ ಕಟ್ಟಿಕೊಂಡು ಅನೇಕ ವಾಹನಗಳು ದಾರಿಯಲ್ಲಿಯೇ ನಿಂತುಬಿಟ್ಟವು. ಎಷ್ಟೇ ಒಳ್ಳೆಯ ಶೋಧಕಕ್ಕೂ ಮಿತಿಯುಂಟು. ಕಾಲಕಾಲಕ್ಕೆ ಅದನ್ನು ಬದಲಿಸಬೇಕು. ಆದರೆ ದಿನವೂ ತೆಗೆದು ಕುಟ್ಟುವುದೂ ಸಲ್ಲದು. ನಾರಿನ ಮೇಲೆ ಕುಳಿತ ತೆಳುವಾದ ಧೂಳಿನ ಪದರ ತಾನೇ ಜರಡಿಯಾಗಿ ಮುಂದಿನ ಧೂಳನ್ನು ಇನ್ನೂ ಚೆನ್ನಾಗಿ ಹಿಡಿಯುತ್ತದೆ. ಕುಟ್ಟಿದರೆ ಕಾಗದ ಹರಿದು ಅಂಚು ಸಡಿಲವಾದೀತು.

ಅಲ್ಪ ಬೆಲೆಯ ಕಾಗದದ ಮಡಿಕೆಯೊಂದು ಬಹುಬೆಲೆಯ ಎಂಜಿನನ್ನು ಕಾಯುತ್ತದೆ. ಸಾಲ ಮಾಡಿ ಟ್ರ್ಯಾಕ್ಟರು ಕೊಂಡ ರೈತನ ಬಾಳು ಆ ಎಂಜಿನಿನ ಆಯುಸ್ಸನ್ನು ನೆಚ್ಚಿರುತ್ತದೆ. ಕಣ್ಣಿಗೆ ಕಾಣದ ಕಣವನ್ನು ಬಾಗಿಲಲ್ಲಿಯೇ ತಡೆದವನಿಗೆ ಮುಂದೆ ಯಂತ್ರದ ಅಳಲನ್ನು ಕೇಳುವ ಸಂದರ್ಭ ಬಹುಮಟ್ಟಿಗೆ ಒದಗುವುದಿಲ್ಲ.